ಹಲಗೆಯೂ ಅವಧಾನವೂ

ಪ್ರವೇಶ: ಕೇಳಿದ್ದನ್ನು, ಓದಿದ್ದನ್ನು ಒಡನೆಯೇ ಗುರುತು ಮಾಡಿಕೊಳ್ಳುವುದು ವಿದ್ಯಾರ್ಥಿಗೆ ಅಗತ್ಯವಾದ ಅಭ್ಯಾಸ. ಇಂದಿನ ಟ್ಯಾಬ್ಲೆಟ್ ಈ ಕೆಲಸವನ್ನು ಬಹಳ ಸುಲಭಗೊಳಿಸಿದೆ. ಜೊತೆಗೆ, ಒಂದೇ ಹೊತ್ತಿಗೆ ಹಲವು ಕೆಲಸಗಳನ್ನು ಮಾಡುವ ಆಸೆಯನ್ನೂ ಬೆಳೆಸಿದೆ. ಬರೆಯುವ ಕೈಗೂ ಕೇಳುವ ಮನಸ್ಸಿಗೂ ಇರುವ ಸಂಬಂಧವನ್ನು ಈ ಪಾಠವು ವಿಚಾರಮಾಡುತ್ತದೆ.

ಒಂದು ಸಂಜೆ ತಿರುಗಾಟ ಮುಗಿಸಿ ನಾನು ಮನೆಗೆ ಬಂದಾಗ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದಳು. ಅವಳ ಮಡಿಲಲ್ಲಿ ಒಂದು ಟ್ಯಾಬ್ಲೆಟ್ ಇತ್ತು. ಅದರ ಪರದೆ ಇಬ್ಭಾಗವಾಗಿತ್ತು. ಎಡಗಡೆ ಉಪಾಧ್ಯಾಯರೊಬ್ಬರು ವಿಜ್ಞಾನದ ಪಾಠ ಹೇಳುತ್ತಿದ್ದರು. ಬಲಗಡೆಯ ಬಿಳಿಯ ಹಾಳೆಯ ಮೇಲೆ ಇವಳು ಪೆನ್ಸಿಲಿನಂಥ ಕಡ್ಡಿಯಿಂದ ಗೀಚುತ್ತಿದ್ದಳು. ಆಗಾಗ ಪರದೆಯ ನೆತ್ತಿಯಲ್ಲಿ ಗೆಳತಿಯರ ಸಂದೇಶಗಳು ಇಣುಕುತ್ತಿದ್ದವು. ಅವಕ್ಕೂ ಉತ್ತರ ಹೋಗುತ್ತಿತ್ತು. ಪಕ್ಕದಲ್ಲಿ ಅಜ್ಜಿ ಇಟ್ಟುಹೋದ ಅವರೆಕಾಯಿಯ ಮೊರವಿತ್ತು. ಬಿಡುವಾದಾಗ ಅದನ್ನೂ ಸುಲಿಯುತ್ತಿದ್ದಳು.

"ನೋಡಿ ತಾತ, ಒಂದೇ ಹೊತ್ತಿಗೆ ನಾಲ್ಕು ಕೆಲಸ!" ಎಂದಳು.

ನಾನು ಕುತೂಹಲದಿಂದ ಅವಳ ಹಾಳೆಯನ್ನು ನೋಡಿದೆ. ಅದರಲ್ಲಿ "ನೀರು, 4, ಬಹಳ ಮುಖ್ಯ" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಳು.

"ನೀರಿಗೂ ನಾಲ್ಕಕ್ಕೂ ಏನು ಸಂಬಂಧವಮ್ಮಾ?" ಎಂದು ಕೇಳಿದೆ.

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಾಳೆಯನ್ನು ನೋಡಿದಳು. "ಮುಖ್ಯ ಅಂತ ಅವರು ಹೇಳಿದರು ತಾತ. ಏನು ಅಂತ ಮರೆತುಹೋಯಿತು" ಎಂದು ಸಂಕೋಚದಿಂದ ನಕ್ಕಳು.

ನಾನು ಅವಳನ್ನು ಗದರಿಸಲಿಲ್ಲ. ಗದರಿಸುವ ಅಧಿಕಾರ ನನಗೆ ಏಕೆ ಇಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಅವಳ ಕೈಯಲ್ಲಿದ್ದ ಆ ಹಲಗೆಯ ವಂಶಾವಳಿಯನ್ನು ತುಸು ನೋಡೋಣ.

ಆಪಲ್ ಕಂಪನಿಯ ಐಪ್ಯಾಡ್ ಎಂಬ ಟ್ಯಾಬ್ಲೆಟ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಪರದೆಯನ್ನು ಇಬ್ಭಾಗಿಸಿ ಎರಡು ಕೆಲಸಗಳನ್ನು ಅಕ್ಕಪಕ್ಕದಲ್ಲಿ ತೆರೆದಿಡುವ ಸೌಕರ್ಯವೂ, ಅದರ ಮೇಲೆ ಬರೆಯುವ ಪೆನ್ಸಿಲೂ 2015ರಲ್ಲಿ ಅದಕ್ಕೆ ಸೇರಿದವು. 2021ರಿಂದ ಪರದೆಯ ಬಲಗಡೆಯ ಕೆಳಮೂಲೆಯಿಂದ ಪೆನ್ಸಿಲನ್ನು ಒಳಕ್ಕೆ ಎಳೆದರೆ ಸಾಕು, ಚಿಕ್ಕದೊಂದು ಟಿಪ್ಪಣಿಯ ಹಾಳೆ ಮೇಲೆದ್ದು ಬರುತ್ತದೆ. ಮಾಡುತ್ತಿದ್ದ ಕೆಲಸ ಅದರ ಹಿಂದೆ ಹಾಗೆಯೇ ಕಾದಿರುತ್ತದೆ. ಸಾಧನ ಹೊಸದು, ಆದರೆ ಬರೆದು, ಅಳಿಸಿ, ಮತ್ತೆ ಬರೆಯುವ ಹಲಗೆಯ ಆಸೆ ಬಹಳ ಹಳೆಯದು.

ನಮ್ಮ ನಾಡಿನಲ್ಲಿಯೇ 'ಕಡತ' ಎಂಬುದೊಂದಿತ್ತು. ಇಂದು ಕಡತವೆಂದರೆ ಕಚೇರಿಯ ಕಾಗದಪತ್ರಗಳ ಕಟ್ಟು. ಹಿಂದೆ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದಾಗ ಒರೆಸುತ್ತಿದ್ದರು. ವರ್ತಕರೂ ಲೆಕ್ಕ ಬರೆಯುವವರೂ ಇದನ್ನು ಬಳಸುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಧಾರಗಳಾಗಿವೆ. ನನ್ನ ಬಾಲ್ಯದ ಸ್ಲೇಟೂ ಈ ಮನೆತನಕ್ಕೇ ಸೇರಿದುದು.

ಪ್ರಾಚೀನ ರೋಮಿನಲ್ಲಿ ಇದೇ ಕೆಲಸವನ್ನು ಮೇಣದ ಹಲಗೆ ಮಾಡುತ್ತಿತ್ತು. ಮರದ ಹಲಗೆಯನ್ನು ನಡುವೆ ತಗ್ಗಾಗಿ ಕೆತ್ತಿ, ಆ ತಗ್ಗಿನಲ್ಲಿ ಮೇಣವನ್ನು ತುಂಬುತ್ತಿದ್ದರು. ಬರೆಯಲು ಒಂದು ಕಂಟ. ಅದರ ಒಂದು ತುದಿ ಮೊನಚು. ಇನ್ನೊಂದು ತುದಿ ಚಪ್ಪಟೆ. ಮೊನೆಯಿಂದ ಕೊರೆದು ಬರೆಯುವುದು, ಚಪ್ಪಟೆಯಿಂದ ಸವರಿ ಅಳಿಸುವುದು. ಎರಡು ಮೂರು ಹಲಗೆಗಳನ್ನು ಪುಸ್ತಕದಂತೆ ಕಟ್ಟಿ ಕೈಯಲ್ಲಿ ಹಿಡಿದು ತಿರುಗಾಡಬಹುದಾಗಿತ್ತು.

ಈ ಹಲಗೆಯನ್ನು ಅತ್ಯಂತ ಶ್ರದ್ಧೆಯಿಂದ ಬಳಸಿದವರಲ್ಲಿ ಒಬ್ಬನು ಹಿರಿಯ ಪ್ಲಿನಿ. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಈ ಅಧಿಕಾರಿ ಹಗಲು ರಾಜ್ಯದ ಕೆಲಸದಲ್ಲಿ ಮುಳುಗಿರುತ್ತಿದ್ದನು. ಉಳಿದ ವೇಳೆಯನ್ನೆಲ್ಲ ಓದಿಗೆ ಮೀಸಲಿಡುತ್ತಿದ್ದನು. ಅವನ ದಿನಚರಿಯನ್ನು ಅವನ ಸೋದರಿಯ ಮಗ ಕಿರಿಯ ಪ್ಲಿನಿ ಒಂದು ಪತ್ರದಲ್ಲಿ ವಿವರಿಸಿದ್ದಾನೆ. ಊಟದ ಹೊತ್ತಿನಲ್ಲಿ ಒಬ್ಬನು ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದನು. ಪ್ಲಿನಿ ಕೇಳುತ್ತ ಟಿಪ್ಪಣಿ ಮಾಡಿಸುತ್ತಿದ್ದನು. ಸ್ನಾನದ ನಂತರ ಮೈ ತಿಕ್ಕಿಸಿಕೊಳ್ಳುವಾಗಲೂ ಓದು ನಿಲ್ಲುತ್ತಿರಲಿಲ್ಲ. ಪ್ರಯಾಣದಲ್ಲಿ ಗ್ರಂಥವನ್ನೂ ಹಲಗೆಗಳನ್ನೂ ಹಿಡಿದ ಶೀಘ್ರಲಿಪಿಕಾರನೊಬ್ಬ ಪಕ್ಕದಲ್ಲಿಯೇ ಇರುತ್ತಿದ್ದನು. ಚಳಿಗಾಲದಲ್ಲಿ ಬೆರಳು ಮರಗಟ್ಟಿ ಬರವಣಿಗೆ ನಿಲ್ಲಬಾರದೆಂದು ಅವನ ಕೈಗಳಿಗೆ ಕೈಚೀಲ ತೊಡಿಸುತ್ತಿದ್ದರು. ಒಮ್ಮೆ ಓದುವವನು ಒಂದು ಶಬ್ದವನ್ನು ತಪ್ಪಾಗಿ ಉಚ್ಚರಿಸಿದನಂತೆ. ಸ್ನೇಹಿತನೊಬ್ಬ ಅವನನ್ನು ತಡೆದು ಮತ್ತೆ ಓದಿಸಿದಾಗ, ಅರ್ಥವಾದ ಮೇಲೆ ತಡೆದದ್ದೇಕೆ, ಹತ್ತು ಸಾಲು ನಷ್ಟವಾಯಿತಲ್ಲ ಎಂದು ಪ್ಲಿನಿ ಬೇಸರಪಟ್ಟನಂತೆ!

ಈ ಪರಿಶ್ರಮದ ಫಲವಾಗಿ 37 ಸಂಪುಟಗಳ 'ನೈಸರ್ಗಿಕ ಇತಿಹಾಸ' ಎಂಬ ಮಹಾಗ್ರಂಥ ಹುಟ್ಟಿತು. ಎರಡೂ ಮಗ್ಗುಲಲ್ಲಿ ಕಿರಿದಾದ ಅಕ್ಷರಗಳಿಂದ ತುಂಬಿದ 160 ಟಿಪ್ಪಣಿ ಸುರುಳಿಗಳು ಅಳಿಯನ ಪಾಲಿಗೆ ಬಂದವು. ಟಿಪ್ಪಣಿಗಳು ಇನ್ನೂ ಕಡಿಮೆಯಿದ್ದ ಕಾಲದಲ್ಲಿಯೇ ಒಬ್ಬರು ಅವಕ್ಕೆ ನಾಲ್ಕು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ಕೊಡಲು ಮುಂದೆ ಬಂದಿದ್ದರು. ಕ್ರಿ.ಶ. 79ರಲ್ಲಿ ವಿಸೂವಿಯಸ್ ಪರ್ವತ ಬೆಂಕಿಯುಗುಳಿದಾಗ ಪ್ಲಿನಿ ಜನರ ರಕ್ಷಣೆಗೆಂದು ಹಡಗುಗಳನ್ನು ಹೊರಡಿಸಿದನು. ಆ ಅಪಾಯದ ನಡುವೆಯೂ ಕಣ್ಣಿಗೆ ಕಂಡ ಬದಲಾವಣೆಗಳನ್ನು ಬರೆಯಿಸುತ್ತಲೇ ಸಾಗಿದನು. ಮರುದಿನ ಕಡಲ ತೀರದಲ್ಲಿ ಪ್ರಾಣಬಿಟ್ಟನು.

ಇದನ್ನು ಓದಿದಾಗ ನಮಗೂ ಅವನಂತೆ ಏಕಕಾಲದಲ್ಲಿ ಹಲವು ಕೆಲಸಗಳನ್ನು ಮಾಡುವ ಉತ್ಸಾಹ ಬರುವುದು ಸಹಜ. ಆದರೆ ತುಸು ನಿಂತು ಯೋಚಿಸಬೇಕು. ಓದುತ್ತಿದ್ದವನು ಬೇರೊಬ್ಬ, ಬರೆಯುತ್ತಿದ್ದವನು ಮತ್ತೊಬ್ಬ, ಮೈ ತಿಕ್ಕುತ್ತಿದ್ದವನು ಮಗದೊಬ್ಬ. ಅವರ ಹೆಸರುಗಳನ್ನು ಆ ಪತ್ರ ಹೇಳುವುದಿಲ್ಲ. ಪ್ಲಿನಿ ಮಾಡುತ್ತಿದ್ದುದು ಒಂದೇ ಕೆಲಸ: ಕೇಳಿ, ಆರಿಸುವುದು. ಕೈಗಳು ಹಲವು, ಗಮನ ಒಂದೇ. ಅಷ್ಟು ಜಾಗರೂಕನಾಗಿದ್ದರೂ ಅವಸರ ಅವನನ್ನೂ ಬಿಡಲಿಲ್ಲ. ಗಂಗೆಯ ಉಗಮದ ಬಳಿ ಬಾಯಿಯೇ ಇಲ್ಲದ, ವಾಸನೆಯನ್ನು ಮೂಸಿಯೇ ಬದುಕುವ ಜನರಿದ್ದಾರೆಂಬ ಮಾತು ಮೆಗಾಸ್ತನೀಸನ ಹೆಸರಿನಲ್ಲಿ ಅವನ ಗ್ರಂಥವನ್ನು ಸೇರಿತು. ಬರೆದುಕೊಂಡದ್ದೆಲ್ಲ ತಿಳಿದುಕೊಂಡದ್ದಾಗುವುದಿಲ್ಲ.

ಕಿರಿಯ ಪ್ಲಿನಿಯ ರೀತಿ ಬೇರೆ. ಇತಿಹಾಸಕಾರ ಟ್ಯಾಸಿಟಸನಿಗೆ ಬರೆದ ಪತ್ರದಲ್ಲಿ ಅವನು ತನ್ನ ಬೇಟೆಯ ಸಂಗತಿಯನ್ನು ತಮಾಷೆಯಾಗಿ ಹೇಳುತ್ತಾನೆ. ಬಲೆಯ ಬಳಿ ಈಟಿಯ ಬದಲು ಕಂಟವನ್ನೂ ಹಲಗೆಗಳನ್ನೂ ಇಟ್ಟುಕೊಂಡು ಕುಳಿತಿದ್ದನಂತೆ. ಬೇಟೆ ಸಿಗದಿದ್ದರೂ ತುಂಬಿದ ಹಲಗೆಗಳೊಡನೆ ಮನೆಗೆ ಹೋಗಬಹುದೆಂಬುದು ಅವನ ಲೆಕ್ಕ. ಆ ದಿನ ಮೂರು ಕಾಡುಹಂದಿಗಳೂ ಬಲೆಗೆ ಬಿದ್ದವು! ಕಾಯುವುದಷ್ಟೇ ಕೆಲಸವಾಗಿದ್ದಾಗ, ಕಾಡಿನ ಮೌನದಲ್ಲಿ, ಬರೆಯುವುದು ಸುಲಭವಾಯಿತು. ಕೈಗೆ ಕೆಲಸವಿದ್ದು ಮನಸ್ಸಿಗೆ ಬಿಡುವಿದ್ದರೆ ಎರಡು ಕೆಲಸಗಳು ಜೊತೆಯಾಗಿ ನಡೆಯುತ್ತವೆ. ಅವರೆಕಾಯಿ ಸುಲಿಯುತ್ತ ಪಾಠ ಕೇಳಬಹುದು. ಎರಡು ಕೆಲಸಗಳೂ ಮನಸ್ಸನ್ನೇ ಬೇಡಿದಾಗ ತೊಡಕು ಹುಟ್ಟುತ್ತದೆ.

ಹಾಗಾದರೆ ನಮ್ಮ ಅವಧಾನಿಗಳು ಎಂಟು ಕಡೆ ಗಮನವಿಡುವುದಿಲ್ಲವೇ ಎಂದು ನೀವು ಕೇಳಬಹುದು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದು ಪ್ರಶ್ನಿಸುತ್ತಾರೆ. ಒಬ್ಬರು ಸಮಸ್ಯೆ ಕೊಡುತ್ತಾರೆ. ಒಬ್ಬರು ದತ್ತಪದಿ ಕೊಡುತ್ತಾರೆ. ನಿಷೇಧಾಕ್ಷರಿಯವರು ಅಕ್ಷರ ಅಕ್ಷರಕ್ಕೂ ತಡೆಯೊಡ್ಡುತ್ತಾರೆ. ಅಪ್ರಸ್ತುತ ಪ್ರಸಂಗಿಯಂತೂ ನಡುನಡುವೆ ಸಂಬಂಧವಿಲ್ಲದ ಮಾತುಗಳನ್ನೆಸೆದು ಗಮನ ಕೆಡಿಸಲು ನೋಡುತ್ತಾರೆ. ಅವಧಾನಿಯ ಕೈಯಲ್ಲಿ ಲೇಖನಿಯಿಲ್ಲ, ಕಾಗದವಿಲ್ಲ. ಈ ಕಲೆಗೆ ಕನ್ನಡದಲ್ಲಿ ಮರುಜೀವ ಕೊಟ್ಟ ಶತಾವಧಾನಿ ಡಾ. ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ.

ಆದರೆ ಅವಧಾನದ ಕ್ರಮವನ್ನು ಗಮನಿಸಿ ನೋಡಿ. ಅವಧಾನಿಯು ಮೊದಲನೆಯ ಸುತ್ತಿನಲ್ಲಿ ಒಂದು ಪದ್ಯದ ಒಂದು ಪಾದವನ್ನು ಹೇಳಿ, ಅನಂತರ ಮುಂದಿನ ಪೃಚ್ಛಕರತ್ತ ತಿರುಗುತ್ತಾರೆ. ಹೀಗೆ ನಾಲ್ಕು ಸುತ್ತುಗಳಲ್ಲಿ ನಾಲ್ಕು ಪಾದಗಳು ಮುಗಿಯುತ್ತವೆ. ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸುವುದೇ ಧಾರಣ. ಅಂದರೆ ಅವಧಾನಿಯೂ ಎಂಟು ಕೆಲಸಗಳನ್ನು ಒಟ್ಟಿಗೆ ಮಾಡುವುದಿಲ್ಲ; ಒಂದಾದ ಮೇಲೊಂದನ್ನು ಪೂರ್ಣ ಮನಸ್ಸಿನಿಂದ ಮಾಡುತ್ತಾರೆ. ಬಿಟ್ಟುಬಂದ ಕಡೆಗೆ ತಪ್ಪದೆ ಮರಳುವ ಶಕ್ತಿಯೇ ಅವರ ಸಾಧನೆ. 'ಅವಧಾನ' ಎಂಬ ಮಾತಿಗೆ ಏಕಾಗ್ರತೆಯೆಂದೇ ಅರ್ಥ. ಎಷ್ಟೋ ವರ್ಷಗಳ ಅಭ್ಯಾಸದಿಂದ ಬಂದ ಆ ಶಕ್ತಿ ನಮಗಿಲ್ಲ. ನಮ್ಮ ಪಾಲಿಗೆ ಉಳಿದಿರುವುದು ಟ್ಯಾಬ್ಲೆಟಿನ ನೆತ್ತಿಯಲ್ಲಿ ಇಣುಕುವ ಅಪ್ರಸ್ತುತ ಪ್ರಸಂಗಿ ಮಾತ್ರ!

ಮನಶ್ಶಾಸ್ತ್ರವೂ ಇದನ್ನೇ ಹೇಳುತ್ತದೆ. ಅಮೆರಿಕದ ಆರ್ಥರ್ ಜೆರ್ಸಿಲ್ಡ್ ಎಂಬ ವಿದ್ವಾಂಸರು 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಂಖ್ಯೆಗಳ ಪಟ್ಟಿಯೊಂದಕ್ಕೆ ಒಂದೇ ಬಗೆಯ ಲೆಕ್ಕ ಮಾಡುವುದಕ್ಕಿಂತ, ಎರಡು ಬಗೆಯ ಲೆಕ್ಕಗಳನ್ನು ಸರದಿಯಂತೆ ಬದಲಿಸಿ ಮಾಡುವಾಗ ಹೆಚ್ಚು ಕಾಲ ಹಿಡಿಯಿತು. ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವಾಗ ಪ್ರತಿಸಲವೂ ಸುಂಕ ತೆರಬೇಕಾಗುತ್ತದೆ. ಆ ಸುಂಕ ಕೆಲವೊಮ್ಮೆ ಕಾಲದ ರೂಪದಲ್ಲಿ ಹೋಗುತ್ತದೆ, ಕೆಲವೊಮ್ಮೆ ತಪ್ಪಿನ ರೂಪದಲ್ಲಿ.

ನಾನು ತೆತ್ತ ಸುಂಕದ ಕಥೆಯನ್ನು ಈಗ ಹೇಳುತ್ತೇನೆ. ಅದನ್ನು ತೆತ್ತವನು ನಾನಲ್ಲ, ನನ್ನ ವಿದ್ಯಾರ್ಥಿ ಎಂದರೆ ಹೆಚ್ಚು ಸರಿ.

1994ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯನಾಗಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮರುದಿನ ಹಂಚಬೇಕಾಗಿತ್ತು. ಅದೇ ರಾತ್ರಿ ರೇಡಿಯೋದಲ್ಲಿ ಹಳಗನ್ನಡ ಕಾವ್ಯವನ್ನು ಕುರಿತು ಒಂದು ಭಾಷಣವಿತ್ತು. ಒಂದು ಲೇಖನಕ್ಕಾಗಿ ನನಗೆ ಆ ವಿಷಯ ಬೇಕಾಗಿತ್ತು. ಎಡಗಡೆ ಒಂದು ಚೀಟಿ ಇಟ್ಟುಕೊಂಡು ಭಾಷಣದ ಟಿಪ್ಪಣಿ ಮಾಡುತ್ತ, ಬಲಗಡೆ ಪತ್ರಿಕೆಗಳ ಅಂಕಗಳನ್ನು ಕೂಡುತ್ತ ಹೋದೆ. ಎರಡೂ ಕೆಲಸ ಮುಗಿದವೆಂದು ಸಂತೋಷದಿಂದ ಮಲಗಿದೆ.

ಪತ್ರಿಕೆ ಹಂಚಿದ ಮರುದಿನದಿಂದ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ಮನೆಗೆ ಹೋದೆ. ಅವನ ತಂದೆ ಕೂಲಿ ಮಾಡುವವರು. "ಪೇಟೆಯ ಹೋಟೆಲಿಗೆ ಕಳಿಸೋಣ ಅಂತಿದ್ದೀನಿ, ಮೇಷ್ಟ್ರೇ. ಇವನ ತಲೆಗೆ ಓದು ಹತ್ತೋದಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದರು. ಪತ್ರಿಕೆಯನ್ನು ತರಿಸಿ ನೋಡಿದೆ. ನೂರಕ್ಕೆ 28 ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ತೇರ್ಗಡೆಗೆ 35 ಬೇಕು. ಅಲ್ಲಿಯೇ ಜಗಲಿಯ ಮೇಲೆ ಕುಳಿತು ಕೂಡಿದೆ. ಮೂವತ್ತೆಂಟು ಬಂತು. ಮತ್ತೊಮ್ಮೆ ಕೂಡಿದೆ. ಮೂವತ್ತೆಂಟೇ.

"ನೀನು ಕೂಡಿ ನೋಡಲಿಲ್ಲವೇನಪ್ಪಾ?" ಎಂದು ಹುಡುಗನನ್ನು ಕೇಳಿದೆ.

ಅವನು ತಲೆ ತಗ್ಗಿಸಿ, "ನೋಡಿದೆ ಸಾರ್. ಮೂವತ್ತೆಂಟು ಬಂತು. ನಿಮ್ಮ ಲೆಕ್ಕ ತಪ್ಪಿರಲಾರದು, ನನಗೇ ಕೂಡಲು ಬರುವುದಿಲ್ಲ ಅಂದುಕೊಂಡೆ" ಎಂದನು.

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ತಂದೆಯ ಕ್ಷಮೆ ಕೇಳಿದೆ, ಹುಡುಗನ ಕ್ಷಮೆಯನ್ನೂ ಕೇಳಿದೆ. ಅವನು ಮರುದಿನ ಶಾಲೆಗೆ ಬಂದನು. ರಾತ್ರಿ ಮನೆಯಲ್ಲಿ ಆ ರೇಡಿಯೋ ಭಾಷಣದ ಚೀಟಿಯನ್ನು ಹುಡುಕಿ ತೆಗೆದೆ. ಅದರಲ್ಲಿ ಅರ್ಧರ್ಧ ವಾಕ್ಯಗಳಿದ್ದವು; ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ನಡುವೆ, ಭಾಷಣಕಾರರು ಹೇಳಿದ ಯಾವುದೋ ಪದ್ಯದ ಸಂಖ್ಯೆಯನ್ನು ಗುರುತಿಸಿಕೊಂಡಿದ್ದೆ: 28. ಕಿವಿಗೆ ಬಿದ್ದ ಸಂಖ್ಯೆ ಕೈಯಿಂದ ಇನ್ನೊಂದು ಕಾಗದಕ್ಕೆ ಇಳಿದಿತ್ತು.

ಅಂದಿನಿಂದ ಟಿಪ್ಪಣಿಯ ವಿಷಯದಲ್ಲಿ ನಾನು ಕೆಲವು ನಿಯಮಗಳನ್ನು ಪಾಲಿಸುತ್ತ ಬಂದಿದ್ದೇನೆ. ಚೀಟಿಗೆ ಅನ್ವಯಿಸಿದ ಅವು ಟ್ಯಾಬ್ಲೆಟಿಗೂ ಅನ್ವಯಿಸುತ್ತವೆ.

ಮೊದಲನೆಯದಾಗಿ, ಟಿಪ್ಪಣಿಯು ನಡೆಯುತ್ತಿರುವ ಕೆಲಸಕ್ಕೆ ಸೇರಿದ್ದಾಗಿರಬೇಕು. ಪಾಠ ಕೇಳುವಾಗ ಪಾಠದ ಟಿಪ್ಪಣಿ ಸಹಾಯಕ. ಗೆಳೆಯರ ಸಂದೇಶ ಅಡ್ಡಿ. ಟ್ಯಾಬ್ಲೆಟಿನಲ್ಲಿ ಸಂದೇಶಗಳನ್ನು ಸ್ವಲ್ಪ ಹೊತ್ತು ಮೌನವಾಗಿಡುವ ಸೌಕರ್ಯವಿದೆ, ಅದನ್ನು ಬಳಸಬೇಕು.

ಎರಡನೆಯದಾಗಿ, ಕೆಲಸದ ನಡುವೆ ಬೇರೊಂದು ಸಂಗತಿ ಹೊಳೆದರೆ ಅದನ್ನು ಬೆನ್ನಟ್ಟಬಾರದು. ಒಂದೇ ಸಾಲಿನಲ್ಲಿ ಗುರುತಿಸಿ ಬದಿಗಿಡಬೇಕು. ಮೂಲೆಯಿಂದ ಮೇಲೇಳುವ ಆ ಚಿಕ್ಕ ಹಾಳೆ ಇದಕ್ಕೆ ತಕ್ಕ ಸಾಧನ. ಅದು ಮನಸ್ಸಿನ ಭಾರವನ್ನು ಇಳಿಸಿ, ಹಿಡಿದ ಕೆಲಸಕ್ಕೆ ನಮ್ಮನ್ನು ಮರಳಿಸುತ್ತದೆ.

ಮೂರನೆಯದಾಗಿ, ಕೇಳಿದ ಮಾತನ್ನು ಹಾಗೆಯೇ ಇಳಿಸದೆ ನಮ್ಮ ಮಾತಿನಲ್ಲಿ ಬರೆಯಬೇಕು. ಕಂಪ್ಯೂಟರಿನಲ್ಲಿ ಟೈಪು ಮಾಡುವವರು ಉಪನ್ಯಾಸವನ್ನು ಹೆಚ್ಚಾಗಿ ಶಬ್ದಶಃ ಇಳಿಸಿಕೊಳ್ಳುತ್ತಾರೆ, ಕೈಬರಹದವರು ಸಾರವನ್ನು ಚೆನ್ನಾಗಿ ಗ್ರಹಿಸುತ್ತಾರೆ ಎಂದು 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದ್ದರು. ಮುಂದೆ ಇತರರು ಅದೇ ಪ್ರಯೋಗವನ್ನು ಮಾಡಿದಾಗ ಗ್ರಹಿಕೆಯ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದ್ದರಿಂದ ಸಾಧನವನ್ನು ಹೊಗಳುವುದಾಗಲಿ ಹಳಿಯುವುದಾಗಲಿ ಬೇಡ. ಬರೆಯುವ ಮುನ್ನ ಯೋಚಿಸಿದೆವೇ ಎಂಬುದೇ ಮುಖ್ಯ ಪ್ರಶ್ನೆ.

ಕೊನೆಯದಾಗಿ, ಟಿಪ್ಪಣಿಯನ್ನು ಅದೇ ದಿನ ಮತ್ತೆ ಓದಿ ಪೂರ್ಣಗೊಳಿಸಬೇಕು. ಟಿಪ್ಪಣಿಯೆಂದರೆ ಮರಳಿ ಬರುತ್ತೇನೆಂದು ನಾವು ಕೊಟ್ಟ ಮಾತು. ಮರಳಿ ಬಾರದಿದ್ದರೆ ಅದು ಬರಿಯ ಗೀಚು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಹುಡುಗನ ಕಥೆ ಕೇಳಿದಾಗ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಸಂದೇಶಗಳನ್ನು ಮೌನಗೊಳಿಸಿ, ಪಾಠವನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. ಕೇಳುವಾಗ ಅವರೆಕಾಯಿ ಸುಲಿಯುತ್ತಿದ್ದಳು. ಬರೆಯಬೇಕಾದಾಗ ಪಾಠವನ್ನು ನಿಲ್ಲಿಸುತ್ತಿದ್ದಳು. ಮೊರ ಬರಿದಾಗುವ ಹೊತ್ತಿಗೆ ಹಾಳೆಯ ಮೇಲೆ ಹೀಗಿತ್ತು: "ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರ. ಇನ್ನೂ ತಣ್ಣಗಾದರೆ ಹಗುರವಾಗಿ ಮೇಲೆ ನಿಲ್ಲುತ್ತದೆ. ಆದ್ದರಿಂದ ಚಳಿಯ ದೇಶದ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ. ಕೆಳಗೆ ಮೀನು ಬದುಕುತ್ತದೆ."

"ಮುಖ್ಯ ಅಂತ ಅವರು ಹೇಳಿದ್ದು ಯಾಕೆ ಅಂತ ಈಗ ಗೊತ್ತಾಯಿತು ತಾತ" ಎಂದಳು. ಕೆಳಗೆ ಗೆರೆ ಎಳೆಯುವ ಅಗತ್ಯ ಅವಳಿಗೆ ತೋರಲಿಲ್ಲ.

ಪದಗಳ ಅರ್ಥ

ಅವಧಾನ – ಗಮನ, ಏಕಾಗ್ರತೆ
ಕಂಟ – ಕೊರೆದು ಬರೆಯುವ ಲೋಹದ ಕಡ್ಡಿ
ಬಳಪ – ಬರೆಯಲು ಬಳಸುವ ಮೆದುಕಲ್ಲು
ಸರಿ – ಅಂಟು, ಗಂಜಿ
ಶೀಘ್ರಲಿಪಿಕಾರ – ಮಾತಿನ ವೇಗಕ್ಕೆ ಸಮನಾಗಿ ಸಂಕೇತಗಳಲ್ಲಿ ಬರೆಯುವವನು
ಪೃಚ್ಛಕ – ಪ್ರಶ್ನೆ ಕೇಳುವವನು
ದತ್ತಪದಿ – ಕೊಟ್ಟ ಪದಗಳನ್ನು ಸೇರಿಸಿ ಪದ್ಯ ರಚಿಸುವುದು
ಧಾರಣ – ನೆನಪಿನಲ್ಲಿ ಹಿಡಿದಿಡುವುದು
ಸುಂಕ – ತೆರಿಗೆ
ಸಾಂದ್ರ – ದಟ್ಟವಾದ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮೊಮ್ಮಗಳು ತನ್ನ ಹಾಳೆಯಲ್ಲಿ ಮೊದಲು ಏನೆಂದು ಬರೆದಿದ್ದಳು?
2. ಕಡತದ ಬಟ್ಟೆಗೆ ಏನನ್ನು ಬಳಿಯುತ್ತಿದ್ದರು?
3. ಕಿರಿಯ ಪ್ಲಿನಿ ಬೇಟೆಗೆ ಹೋದಾಗ ಏನನ್ನು ಇಟ್ಟುಕೊಂಡು ಕುಳಿತಿದ್ದನು?
4. ಉತ್ತರ ಪತ್ರಿಕೆಯಲ್ಲಿ 28 ಎಂಬ ಸಂಖ್ಯೆ ಎಲ್ಲಿಂದ ಬಂದಿತ್ತು?

ಆ. ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಿರಿಯ ಪ್ಲಿನಿಯು ಒಂದೇ ಕೆಲಸವನ್ನು ಮಾಡುತ್ತಿದ್ದನೆಂದು ಲೇಖಕರು ಹೇಳಲು ಕಾರಣವೇನು?
2. ಎರಡು ಕೆಲಸಗಳು ಯಾವಾಗ ಜೊತೆಯಾಗಿ ನಡೆಯುತ್ತವೆ? ಯಾವಾಗ ನಡೆಯುವುದಿಲ್ಲ?
3. ಲೇಖಕರು ಹುಡುಗನ ಕ್ಷಮೆಯನ್ನೂ ಕೇಳಿದ್ದು ಏಕೆ?

ಇ. ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅವಧಾನದ ಕ್ರಮವನ್ನು ವಿವರಿಸಿ, ಅದರಿಂದ ವಿದ್ಯಾರ್ಥಿಯು ಕಲಿಯಬಹುದಾದುದನ್ನು ತಿಳಿಸಿರಿ.
2. ಟಿಪ್ಪಣಿ ಬರೆಯುವವರು ಪಾಲಿಸಬೇಕಾದ ನಿಯಮಗಳಾವುವು?

ಈ. ಸಂದರ್ಭದೊಡನೆ ವಿವರಿಸಿರಿ.
1. "ನೋಡಿ ತಾತ, ಒಂದೇ ಹೊತ್ತಿಗೆ ನಾಲ್ಕು ಕೆಲಸ!"
2. "ನಿಮ್ಮ ಲೆಕ್ಕ ತಪ್ಪಿರಲಾರದು, ನನಗೇ ಕೂಡಲು ಬರುವುದಿಲ್ಲ ಅಂದುಕೊಂಡೆ."

ಉ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಅಷ್ಟಾವಧಾನ, ನಿಷೇಧಾಕ್ಷರಿ, ಮೇಲೆದ್ದು, ಒಂದಾದ

ಚಟುವಟಿಕೆ: ಇಪ್ಪತ್ತು ಸಂಖ್ಯೆಗಳನ್ನು ಬರೆದುಕೊಂಡು ಪ್ರತಿಯೊಂದಕ್ಕೂ 3ನ್ನು ಕೂಡಿರಿ; ಹಿಡಿದ ಕಾಲವನ್ನು ಗುರುತಿಸಿರಿ. ಅನಂತರ ಬೇರೆ ಇಪ್ಪತ್ತು ಸಂಖ್ಯೆಗಳಿಗೆ ಒಂದು ಸಲ 3ನ್ನು ಕೂಡಿ, ಮುಂದಿನದರಿಂದ 3ನ್ನು ಕಳೆಯಿರಿ. ಎರಡು ಕಾಲಗಳನ್ನೂ ತಪ್ಪುಗಳನ್ನೂ ಹೋಲಿಸಿ, ನಿಮ್ಮ ಅನುಭವವನ್ನು ತರಗತಿಯಲ್ಲಿ ಹೇಳಿರಿ.